ಆ ಹಾರ್ಡ್ ಡಿಸ್ಕಿನಲ್ಲಿದ್ದ ಮಾತುಗಳು

ಕೆಲವು ವರ್ಷಗಳ ಹಿಂದಿನ ಮಾತು. ನಾನು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗದ ಸ್ಟೋರ್ ರೂಮ್ ಖಾಲಿ ಮಾಡಬೇಕಿತ್ತು. ಹಳೆಯ ಕಂಪ್ಯೂಟರ್‌ಗಳನ್ನು ಗೋಡೆಯುದ್ದಕ್ಕೂ ಒಂದರ ಮೇಲೊಂದು ಪೇರಿಸಿಟ್ಟಿದ್ದರು. "ಎಲ್ಲಾ ಫಾರ್ಮ್ಯಾಟ್ ಆಗಿದೆ ಸರ್, ಗುಜರಿಗೆ ಕೊಟ್ಟುಬಿಡೋಣ" ಎಂದರು ಸ್ಟೋರ್ ನೋಡಿಕೊಳ್ಳುವವರು. ಅವರು ಸುಳ್ಳು ಹೇಳಲಿಲ್ಲ. ನಿಜಕ್ಕೂ ಫಾರ್ಮ್ಯಾಟ್ ಆಗಿತ್ತು.

ಸುಮ್ನೆ ನೋಡೋಣ ಅಂತ ಒಂದನ್ನು ಬಿಚ್ಚಿದೆ. ಹಾರ್ಡ್ ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಅಳಿಸಿದ ಫೈಲ್‌ಗಳನ್ನು ಹುಡುಕುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ, ಅದನ್ನು ಓಡಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಪರದೆ ತುಂಬ ಫೈಲ್‌ಗಳು. ಸಂದರ್ಶನ 1, ಸಂದರ್ಶನ 2, ಹೀಗೆ ಉದ್ದಕ್ಕೆ. ಯಾರದೋ ಸಂಶೋಧನೆಗಾಗಿ ಹೆಂಗಸರು ತಮ್ಮ ಮನೆಯೊಳಗೆ ಅನುಭವಿಸಿದ ಹಿಂಸೆಯನ್ನು ಹೇಳಿಕೊಂಡಿದ್ದರು. ಅದೇ ಫೋಲ್ಡರಿನಲ್ಲಿ ಅವರ ಹೆಸರು ಮತ್ತು ಫೋನ್ ನಂಬರಿನ ಪಟ್ಟಿಯೂ ಇತ್ತು. ನಾಲ್ಕು ಸಾಲು ಓದುವಷ್ಟರಲ್ಲಿ ಕೈ ನಡುಗಿತು. ಮುಚ್ಚಿಬಿಟ್ಟೆ.

ಅವತ್ತಿನಿಂದ ನನಗೆ ಈ ವಿಷಯ ಬರೀ ಕಂಪ್ಯೂಟರ್ ವಿಭಾಗದ ಕೆಲಸ ಅನ್ನಿಸುವುದಿಲ್ಲ. ಆ ಹೆಂಗಸರಿಗೆ ಯಾರೋ "ನಿಮ್ಮ ಹೆಸರು ಎಲ್ಲೂ ಹೊರಗೆ ಬರುವುದಿಲ್ಲ" ಅಂತ ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿ ಅವರು ಬಾಯಿ ಬಿಟ್ಟಿದ್ದರು. ನಾವು ಆ ಮಾತನ್ನು ಗುಜರಿ ಗಾಡಿಗೆ ಹಾಕಲು ಹೊರಟಿದ್ದೆವು.

ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿ. ಸಿಪಿಯು 1, ಮಾನಿಟರ್ 1, ಕೀಬೋರ್ಡ್ 1, ಕೊಂಡ ದಿನಾಂಕ, ಬೆಲೆ. ಒಳಗೆ ಯಾರ ವಿಷಯ ಇದೆ ಎಂದು ಬರೆಯುವ ಕಾಲಮ್ಮೇ ಇಲ್ಲ. ಪುಸ್ತಕದಲ್ಲಿ ಆ ಯಂತ್ರದ ಬೆಲೆ ಸೊನ್ನೆ ಆದ ದಿನ ಅದರ ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಅದರಲ್ಲಿ ಮಕ್ಕಳ ಅಂಕಪಟ್ಟಿ ಇರುತ್ತದೆ. ಪ್ರಶ್ನೆಪತ್ರಿಕೆಯ ಕರಡು ಇರುತ್ತದೆ. ಆಪ್ತಸಮಾಲೋಚಕರ ಹತ್ತಿರ ಒಬ್ಬ ವಿದ್ಯಾರ್ಥಿ ಅತ್ತು ಹೇಳಿಕೊಂಡದ್ದರ ಟಿಪ್ಪಣಿ ಇರುತ್ತದೆ. ಇದು ಯಾವುದೂ ವಿಶ್ವವಿದ್ಯಾಲಯದ ಆಸ್ತಿ ಅಲ್ಲ. ಬೇರೆಯವರು ನಂಬಿ ನಮ್ಮ ಕೈಲಿ ಇಟ್ಟದ್ದು.

ಫಾರ್ಮ್ಯಾಟ್ ಮಾಡಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗುವುದಿಲ್ಲ. ಫೈಲ್ ಡಿಲೀಟ್ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಮಾಡುವುದು ಅಂದರೆ ಪುಸ್ತಕದ ಪರಿವಿಡಿ ಹಾಳೆಯನ್ನು ಹರಿದ ಹಾಗೆ. ಅಧ್ಯಾಯಗಳು ಅಲ್ಲೇ ಇರುತ್ತವೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಯಾರು ಬೇಕಾದರೂ ಓದಬಹುದು.

ಇದನ್ನು ತುಂಬಾ ಹಿಂದೆಯೇ ಮಾಡಿ ತೋರಿಸಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಮಾರುಕಟ್ಟೆಯಲ್ಲಿ ಕೊಂಡರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್‌ಗಳು ಸಿಕ್ಕವು. 2003ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲೆ ಎಷ್ಟು ವರ್ಷ ಕಳೆದವು ನೋಡಿ. ನನ್ನ ಮೇಜಿನ ಮೇಲೆ ಅದೇ ಕಥೆ.

ಹಾಗಾದರೆ ಅಳಿಸುವುದು ಹೇಗೆ? ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಒಂದು ಸಲ ಸೊನ್ನೆ ಬರೆದು, ಬರೆದದ್ದು ನಿಜವಾ ಅಂತ ಓದಿ ನೋಡಿದರೆ ಸಾಮಾನ್ಯವಾಗಿ ಸಾಕು. 35 ಸಲ ಬರೆಯಬೇಕು ಅನ್ನುವವರು ಇನ್ನೂ ಇದ್ದಾರೆ. ಅದು 1996ರಲ್ಲಿ ಕಂಪ್ಯೂಟರ್ ಸುರಕ್ಷತೆಯ ತಜ್ಞ ಪೀಟರ್ ಗುಟ್ಮನ್ ಬರೆದ ಲೇಖನದಿಂದ ಬಂದದ್ದು. ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕ್‌ಗಳಿಗೆಲ್ಲ ಸೇರಿಸಿ ಅವರು ಆ ಪಟ್ಟಿ ಮಾಡಿದ್ದರು. ಇವತ್ತಿನ ಡಿಸ್ಕಿಗೆ ಅಷ್ಟೂ ಸಲ ಮಾಡುವುದರಲ್ಲಿ ಅರ್ಥವಿಲ್ಲ ಎಂದು ಆಮೇಲೆ ಅವರೇ ಹೇಳಿದ್ದಾರೆ. ಈ 35ರ ನಂಬಿಕೆಯಿಂದ ಆಗುವ ನಷ್ಟ ಏನು ಗೊತ್ತಾ? ಒಂದು ಡಿಸ್ಕಿಗೆ ದಿನಗಟ್ಟಲೆ ಬೇಕು ಅಂತ ಹೆದರಿ ಜನ ಒಂದು ಸಲವೂ ಮಾಡುವುದಿಲ್ಲ.

ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಬೇರೆ ಜಾತಿ. ಅದರ ಚಿಪ್‌ಗಳು ಬೇಗ ಸವೆಯದಿರಲಿ ಅಂತ ಒಳಗಿನ ಕಂಟ್ರೋಲರ್ ಬರಹವನ್ನು ಸದಾ ಜಾಗ ಬದಲಿಸುತ್ತಾ ಇರುತ್ತದೆ. ನೀವು ಒಂದು ಫೈಲಿನ ಮೇಲೆ ಸೊನ್ನೆ ಬರೆದೆ ಅಂದುಕೊಂಡರೆ ಆ ಸೊನ್ನೆ ಇನ್ನೆಲ್ಲೋ ಹೋಗಿ ಕೂತಿರುತ್ತದೆ, ಹಳೆಯದು ಹಾಗೇ ಇರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಸಂಶೋಧಕರು 2011ರಲ್ಲಿ ಚಿಪ್‌ಗಳನ್ನು ನೇರವಾಗಿ ಓದಿ ಇದನ್ನು ತೋರಿಸಿದರು. ಕೆಲವು ಎಸ್‌ಎಸ್‌ಡಿಗಳಲ್ಲಿ ತಯಾರಕರೇ ಕೊಟ್ಟ ಅಳಿಸುವ ಕಮಾಂಡ್ ಕೂಡ ಸರಿಯಾಗಿ ಕೆಲಸ ಮಾಡಿರಲಿಲ್ಲ. ಆದ್ದರಿಂದ ಆ ಕಮಾಂಡ್ ಬಳಸಿ, ಆಮೇಲೆ ಪರೀಕ್ಷಿಸಿ. ಇನ್ನೊಂದು ವಿಷಯ. ಹಾರ್ಡ್ ಡಿಸ್ಕ್ ಕೊಲ್ಲುವ ದೊಡ್ಡ ಅಯಸ್ಕಾಂತದ ಯಂತ್ರ ಎಸ್‌ಎಸ್‌ಡಿಗೆ ಏನೂ ಮಾಡುವುದಿಲ್ಲ. ಅದು ಅಯಸ್ಕಾಂತದಿಂದ ನೆನಪಿಟ್ಟುಕೊಳ್ಳುವ ವಸ್ತುವೇ ಅಲ್ಲ.

ಎಲ್ಲಕ್ಕಿಂತ ಸುಲಭದ ದಾರಿ ಕೊನೆಯ ದಿನದ್ದಲ್ಲ, ಮೊದಲ ದಿನದ್ದು. ಕಂಪ್ಯೂಟರ್ ಬಂದ ದಿನವೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಯಾರೂ ಓದಲಾಗದ ಗುಪ್ತಲಿಪಿಗೆ ಬದಲಿಸಿ. ಬೀಗ ಹಾಕಿದ ಪೆಟ್ಟಿಗೆಯಲ್ಲೇ ಐದು ವರ್ಷ ಕೆಲಸ ನಡೆಯುತ್ತದೆ. ಕೊನೆಗೆ ಕೀಲಿಯನ್ನು ನಾಶ ಮಾಡಿದರೆ ಒಳಗಿರುವುದು ಯಾರಿಗೂ ಅರ್ಥವಾಗದ ಕಸ. ಇದಕ್ಕೆ ಹೆಚ್ಚಿಗೆ ಖರ್ಚೂ ಇಲ್ಲ, ಇವತ್ತಿನ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಈ ಸೌಲಭ್ಯ ಬಂದೇ ಇರುತ್ತದೆ. ಇದನ್ನು ಕಡ್ಡಾಯ ಮಾಡದ ವಿಶ್ವವಿದ್ಯಾಲಯವನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮತ್ತೆ, ಬರೀ ಕಂಪ್ಯೂಟರ್ ನೋಡಿದರೆ ಆಗಲಿಲ್ಲ. ಆಫೀಸಿನ ದೊಡ್ಡ ಜೆರಾಕ್ಸ್ ಯಂತ್ರದೊಳಗೂ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಇರುತ್ತದೆ. ಅಮೆರಿಕದ ಸಿಬಿಎಸ್ ಟಿವಿಯವರು 2010ರಲ್ಲಿ ನಾಲ್ಕು ಹಳೆಯ ಜೆರಾಕ್ಸ್ ಯಂತ್ರ ಕೊಂಡು ತೆರೆದಾಗ ಪೊಲೀಸರ ದಾಖಲೆಗಳು, ರೋಗಿಗಳ ದಾಖಲೆಗಳು ಸಿಕ್ಕವು. ಅವುಗಳಲ್ಲಿ ಒಂದು ಅಫಿನಿಟಿ ಎಂಬ ಆರೋಗ್ಯ ವಿಮೆ ಸಂಸ್ಥೆ ಬಾಡಿಗೆಗೆ ಪಡೆದು ವಾಪಸ್ ಕೊಟ್ಟದ್ದು. 2013ರಲ್ಲಿ ಆ ಸಂಸ್ಥೆ 12 ಲಕ್ಷ ಡಾಲರ್‌ಗೂ ಜಾಸ್ತಿ ಕಟ್ಟಬೇಕಾಯಿತು. ನಿಮ್ಮ ವಿಭಾಗದ ಬಾಡಿಗೆ ಯಂತ್ರ ಹೋದ ತಿಂಗಳು ವಾಪಸ್ ಹೋಯಿತಲ್ಲ, ಅದರ ಡಿಸ್ಕ್ ಏನಾಯಿತು ಎಂದು ಯಾರಾದರೂ ಕೇಳಿದರಾ?

ರೌಟರ್ ಕೂಡ ಹಾಗೇ, ಜಾಲದ ನಕ್ಷೆ ಮತ್ತು ಪಾಸ್‌ವರ್ಡ್ ಅದರಲ್ಲೇ ಇರುತ್ತವೆ. ಪ್ರಯೋಗಾಲಯಗಳದ್ದು ಇನ್ನೂ ಕಷ್ಟ. ಸೂಕ್ಷ್ಮದರ್ಶಕಕ್ಕೋ ಇನ್ಯಾವುದೋ ಉಪಕರಣಕ್ಕೋ ಅಂಟಿಕೊಂಡ ಹಳೆಯ ಕಂಪ್ಯೂಟರ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಪ್ರಾಜೆಕ್ಟ್ ಹಣದಲ್ಲಿ ಪ್ರೊಫೆಸರ್ ಕೊಂಡದ್ದು. ಪ್ರಾಜೆಕ್ಟ್ ಮುಗಿದಿದೆ, ಪ್ರೊಫೆಸರ್ ನಿವೃತ್ತರು, ಪಿಎಚ್‌ಡಿ ವಿದ್ಯಾರ್ಥಿ ಬೇರೆ ದೇಶದಲ್ಲಿ. ಯಂತ್ರ ಮಾತ್ರ ಕಾರಿಡಾರಿನಲ್ಲಿ.

ನಾನು ಕಂಡ ಹಾಗೆ ನಿಜವಾದ ಅಪಾಯ ಇರುವುದು ಈ ಕಾಯುವ ಕಾಲದಲ್ಲಿ. ಮೇಜಿನಿಂದ ಇಳಿದ ದಿನಕ್ಕೂ ವಿಲೇವಾರಿ ಆಗುವ ದಿನಕ್ಕೂ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ರೈಟ್ ಆಫ್ ಮಾಡಲು, ಅಂದರೆ ಲೆಕ್ಕದ ಪುಸ್ತಕದಿಂದ ತೆಗೆಯಲು, ಸಮಿತಿ ಕೂರಬೇಕು, ಸಹಿ ಆಗಬೇಕು. ಅಷ್ಟರಲ್ಲಿ ಯಾರೋ ರ‍್ಯಾಮ್ ಬೇಕು ಅಂತ ಬಿಚ್ಚುತ್ತಾರೆ, ಯಾರೋ ಡಿಸ್ಕನ್ನು ಮನೆಗೆ ಒಯ್ಯುತ್ತಾರೆ. ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಅದಕ್ಕೇ ಹೇಳುತ್ತೇನೆ, ಯಂತ್ರ ಬೇಕಾದಷ್ಟು ದಿನ ಕಾಯಲಿ, ಡಿಸ್ಕ್ ಕಾಯುವುದು ಬೇಡ. ಮೇಜಿನಿಂದ ಇಳಿದ ವಾರದಲ್ಲೇ ಅದನ್ನು ತೆಗೆದು, ಸೀರಿಯಲ್ ನಂಬರ್ ಬರೆದುಕೊಂಡು ಬೀಗದೊಳಗೆ ಇಡಿ. ಅಳಿಸಿದವರೇ ಪರೀಕ್ಷಿಸಬಾರದು, ಇನ್ನೊಬ್ಬರು ನೋಡಲಿ.

ಹೊರಗಿನ ಕಂಪನಿಗೆ ಕೊಡುವಾಗಲೂ ಇದೇ ಪಟ್ಟಿ ಬೇಕು. ಮಾರ್ಗನ್ ಸ್ಟ್ಯಾನ್ಲಿಯಂಥ ದೊಡ್ಡ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರ್, ಡಿಸ್ಕ್‌ಗಳ ಕೆಲಸವನ್ನು ಡೇಟಾ ನಾಶದ ಅನುಭವವೇ ಇಲ್ಲದ ಸಾಮಾನು ಸಾಗಿಸುವ ಕಂಪನಿಗೆ ವಹಿಸಿತ್ತು. ಕೆಲವು ಯಂತ್ರಗಳು ಗ್ರಾಹಕರ ವಿವರಗಳ ಸಮೇತ ಇಂಟರ್ನೆಟ್ ಹರಾಜಿನಲ್ಲಿ ಮಾರಾಟವಾದವು. 2022ರಲ್ಲಿ ಅದು 3.5 ಕೋಟಿ ಡಾಲರ್ ದಂಡ ಕಟ್ಟಿತು. "ನಾಶ ಮಾಡಿದ್ದೇವೆ" ಎಂಬ ಒಂದು ಸಾಲಿನ ಸರ್ಟಿಫಿಕೇಟ್ ಯಾವ ಕೆಲಸಕ್ಕೂ ಬಾರದು. ಯಾವ ನಂಬರಿನ ಡಿಸ್ಕ್, ಯಾವ ದಿನ, ಯಾವ ವಿಧಾನ, ಎಲ್ಲ ಇರಬೇಕು, ನಮ್ಮ ಪಟ್ಟಿಗೆ ತಾಳೆಯಾಗಬೇಕು.

ಇಷ್ಟು ಕೇಳಿ ಹೆದರಿ ಎಲ್ಲವನ್ನೂ ಪುಡಿ ಮಾಡೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ವಿಶ್ವಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕ ಇರುವುದು ಶೇ. 22.3ಕ್ಕೆ ಮಾತ್ರ. ನಮಗೆ ನಿಧಾನ ಅನ್ನಿಸಿದ ಕಂಪ್ಯೂಟರ್ ಇನ್ನೊಂದು ಶಾಲೆಯ ಮಗುವಿಗೆ ನಾಲ್ಕು ವರ್ಷ ಬರುತ್ತದೆ. ಕೆಟ್ಟುಹೋಗಿ ಅಳಿಸಲಾಗದ ಡಿಸ್ಕನ್ನು ಪುಡಿ ಮಾಡಿ, ತುಂಬಾ ಸೂಕ್ಷ್ಮ ಮಾಹಿತಿ ಇದ್ದದ್ದನ್ನೂ ಮಾಡಿ. ಉಳಿದದ್ದನ್ನು ಚೆನ್ನಾಗಿ ಅಳಿಸಿ ಕೊಡಿ.

ಅಳಿಸುವ ಮುಂಚೆ ಬಳಸಿದವರನ್ನು ಒಂದು ಮಾತು ಕೇಳಿ. ಯಾರದೋ ಸಂಶೋಧನೆಯ ಒಂದೇ ಪ್ರತಿ ಅದರಲ್ಲಿ ಇರಬಹುದು. ನಾನು ಆ ಸಂದರ್ಶನಗಳನ್ನು ಮಾಡಿದ ಸಂಶೋಧಕಿಯನ್ನು ಹುಡುಕಿ ಫೋನ್ ಮಾಡಿದ್ದು ಅದಕ್ಕೇ. ಅವರು ಆಗಲೇ ಬೇರೆ ಕಡೆ ಕೆಲಸಕ್ಕೆ ಸೇರಿದ್ದರು. ಸಿಕ್ಕಿದ್ದೇನು ಎಂದು ಹೇಳಿದೆ. ತುಂಬಾ ಹೊತ್ತು ಮಾತೇ ಬರಲಿಲ್ಲ.

"ನಾನೇ ಡಿಲೀಟ್ ಮಾಡಿದ್ದೆ ಸರ್" ಎಂದರು ಕೊನೆಗೆ. ಆಮೇಲೆ ಕೇಳಿದರು, "ನನ್ನ ಹತ್ತಿರ ಆಗಿನ ಲ್ಯಾಪ್‌ಟಾಪ್ ಒಂದಿದೆ, ಎರಡು ಪೆನ್ ಡ್ರೈವ್ ಇವೆ. ತಂದುಕೊಡಲಾ?"

ಮುಂದಿನ ಶನಿವಾರ ಬಂದರು. ಎಲ್ಲವನ್ನೂ ಅಳಿಸಿ, ಓದಿ ನೋಡಿ, ಏನೂ ಸಿಗುತ್ತಿಲ್ಲ ಎಂದು ಖಚಿತವಾಗುವ ತನಕ ಅವರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.