ಹೆಬ್ಬೆರಳು ಒತ್ತಿದ ಮಾತ್ರಕ್ಕೆ ಅಳತೆಯಾಗುವುದಿಲ್ಲ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಆರೋಗ್ಯ ಶಿಬಿರದಲ್ಲಿ ಇವತ್ತು ನೋಡಿದ್ದು. ಬೀಡಿ ಕಟ್ಟುವ ಹೆಂಗಸೊಬ್ಬರನ್ನು ಮೆತ್ತನೆ ಹಾಸಿಗೆಯಲ್ಲಿ ಕವುಚಿ ಮಲಗಿಸಿ, ಸೊಂಟಕ್ಕೆ ಎರಡು ಸಲ ಹೆಬ್ಬೆರಳು ಒತ್ತಿ, "ಅಕ್ಕಾ, ನಿಮ್ಮ ಸೊಂಟದ ಬೆನ್ನೆಲುಬಿನ ನಾಲ್ಕನೇ ಮೂಳೆ ಕಲ್ಲಾಗಿದೆ" ಅಂದುಬಿಟ್ಟರು. ಚೀಟಿಯಲ್ಲೂ ಅದನ್ನೇ ಬರೆದರು. ಆಕೆ ಇನ್ನು ಕೊಡ ಎತ್ತಲೂ ಹೆದರುತ್ತಾರೆ. ಸಿಟ್ಟು ಬಾರದೆ ಇರುತ್ತದಾ?

ಕಲ್ಲಾಗಿದೆ ಅಂದರೆ ತುಂಬಾ ಬಿಗಿದಿದೆ ಅಂತ. ಬಿಗಿತ ಅಂದರೆ ಎಷ್ಟು ಬಲಕ್ಕೆ ಬೆನ್ನು ಎಷ್ಟು ಇಳಿಯಿತು ಎಂಬ ಲೆಕ್ಕ. 60 ನ್ಯೂಟನ್, ಅಂದರೆ ಸುಮಾರು 6 ಕಿಲೋ ಭಾರ ಹಾಕಿದಾಗ 10 ಮಿ.ಮೀ. ಇಳಿದರೆ, ಮಿಲಿಮೀಟರಿಗೆ 6 ನ್ಯೂಟನ್. ಅಲ್ಲಿ ಬಲವೂ ಗೊತ್ತಿಲ್ಲ, ಇಳಿದದ್ದೂ ಗೊತ್ತಿಲ್ಲ. ಮತ್ತೆ ಕಲ್ಲು ಎಲ್ಲಿಂದ ಬಂತು?

ಬೆನ್ನು ಒತ್ತಿ ಬಿಗಿತ ಅಳೆಯುವ ಯಂತ್ರವಿದ್ದರೂ ಅಳತೆ ತಪ್ಪಬಹುದು. ಹಾಸಿಗೆ ಮೆತ್ತಗಿದ್ದರೆ ಬೆನ್ನಿನ ಜೊತೆ ಅದೂ ತಗ್ಗುತ್ತದೆ, ಬಿಗಿತ ಕಡಿಮೆ ತೋರುತ್ತದೆ. ಉಸಿರು ಎಳೆದುಕೊಂಡಾಗ ಒತ್ತಿದರೆ ಒಂದು ಲೆಕ್ಕ, ಬಿಟ್ಟಾಗ ಇನ್ನೊಂದು. ಸಹಜವಾಗಿ ಉಸಿರು ಬಿಟ್ಟು ಕೆಲವು ಸೆಕೆಂಡು ಹಿಡಿದಿರಲು ಹೇಳಿ, ಆಗಲೇ ಒತ್ತಬೇಕು. ಹೆದರಿ ಬೆನ್ನಿನ ಸ್ನಾಯು ಸೆಟೆದುಕೊಂಡರೆ ನಾವು ಅಳೆಯುವುದು ಆ ಸೆಟೆತವನ್ನೇ. ಮೊದಲ ಒತ್ತು ಸಾಮಾನ್ಯವಾಗಿ ಬೇರೆ ಇರುತ್ತದೆ, ಅದನ್ನು ಬಿಟ್ಟು ಮುಂದಿನ ಮೂರರ ಸರಾಸರಿ ಹಿಡಿಯಿರಿ. ಕೆಳಗಿನ ಮೂಳೆಗಳು ಓರೆಯಾಗಿರುವುದರಿಂದ ಒತ್ತುವ ಕೋನ ತುಸು ಬದಲಾದರೂ ಅಂಕಿ ಬದಲಾಗುತ್ತದೆ. ಒತ್ತುವ ಜಾಗಕ್ಕೆ ಪೆನ್ನಿನ ಗುರುತನ್ನು ಮಲಗಿಸಿದ ಮೇಲೆಯೇ ಹಾಕಬೇಕು, ನಿಂತಾಗ ಹಾಕಿದರೆ ಚರ್ಮ ಸರಿಯುತ್ತದೆ. ಇನ್ನು "ನಾಲ್ಕನೇ ಮೂಳೆ"! ಅದನ್ನು ಹುಡುಕಲು ಎರಡು ಸೊಂಟದೆಲುಬಿನ ಮೇಲಂಚನ್ನು ಕೈಯಲ್ಲಿ ತಡವಿ ನಡುವೆ ಗೆರೆ ಎಳೆದರೆ, ಮೈಕೈ ತುಂಬಿದವರಲ್ಲಿ ಅದು ಮೂರನೆಯದರ ಹತ್ತಿರ ಹೋಗುವುದೇ ಹೆಚ್ಚು.

"ಅನುಭವದ ಕೈಗೆ ತಿಳಿಯುತ್ತದೆ" ಅನ್ನುವವರಿದ್ದಾರೆ. ಒಂದೇ ಕೈ ತನ್ನ ಮಾತಿಗೆ ತಾನು ಒಂದಷ್ಟು ಒಪ್ಪೀತು. ಅದೇ ಬೆನ್ನನ್ನು ಇನ್ನೊಬ್ಬ ಅನುಭವಿ ಮುಟ್ಟಿದರೆ ಒಪ್ಪಿಗೆ ಬಹಳ ಕಡಿಮೆ, ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಅಷ್ಟೇ ಅಲ್ಲ, "ಬೆನ್ನು ಬಿಗಿದಿದೆ" ಎಂದು ರೋಗಿಗೆ ಅನಿಸುವುದಕ್ಕೂ ಯಂತ್ರ ತೋರಿಸುವ ಬಿಗಿತಕ್ಕೂ ತಾಳೆಯಾಗಲೇಬೇಕೆಂದಿಲ್ಲ.

ಯಂತ್ರ ಇಲ್ಲವೇ? ತೂಕದ ಯಂತ್ರದ ಮೇಲೆ ನಿಂತು ರೋಗಿಯ ಬೆನ್ನು ಒತ್ತಿ. ನಿಮ್ಮ ತೂಕ 6 ಕಿಲೋ ಇಳಿದರೆ 60 ನ್ಯೂಟನ್ ಹಾಕಿದ್ದೀರಿ. ಬಲವಾದರೂ ಪ್ರತಿ ಸಲ ಒಂದೇ ಆಯಿತು. ಚೀಟಿಯಲ್ಲಿ ಕಲ್ಲು ಬೇಡ ಮಾರಾಯ್ರೇ, "ಇಲ್ಲಿ ಒತ್ತಿದರೆ ನೋಯುತ್ತದೆ" ಎಂದು ಬರೆಯಿರಿ. ಇಬ್ಬರು ಪರೀಕ್ಷಿಸಿದಾಗ ನೋವಿನ ವಿಷಯದಲ್ಲಿ ಬಿಗಿತಕ್ಕಿಂತ ಹೆಚ್ಚು ಒಮ್ಮತ ಸಿಗುತ್ತದೆ, ಆ ಅಕ್ಕನೂ ನಾಳೆ ಧೈರ್ಯವಾಗಿ ಕೊಡ ಎತ್ತುತ್ತಾರೆ.