ಓಟ ಕೆಡುವುದು ಸೈಕಲ್ ಮೇಲೆಯೇ

ಈಜು, ಸೈಕಲ್, ಓಟ ಮೂರೂ ಒಂದೇ ದಿನ ಸೇರುವ ಐರನ್‌ಮ್ಯಾನ್ ರೇಸ್ ಬಗೆಗಿನ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಐರನ್‌ಮ್ಯಾನ್‌ನಲ್ಲಿ ಕೊನೆಯ ಮ್ಯಾರಥಾನೇ ಎಲ್ಲಕ್ಕಿಂತ ಕಷ್ಟ ಎಂದಿದ್ದೀರಲ್ಲ, ಅದನ್ನು ಪೂರ್ತಿ ಒಪ್ಪಲಾರೆ. 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ಆಮೇಲೆ 42.2 ಕಿ.ಮೀ. ಓಡಬೇಕು, ನಿಜ. ಆದರೆ ಆ ಓಟ ಕೆಡುವುದು ಸೈಕಲ್ ಮೇಲಿದ್ದಾಗಲೇ. ಕಾಲು ಹಗುರವಾಗಿದೆ ಎಂದು ಮೊದಲೆರಡು ಗಂಟೆ ಜೋರಾಗಿ ತುಳಿದವರು ಕೊನೆಗೆ ನಡೆದುಕೊಂಡು ಬರುವುದೇ ಜಾಸ್ತಿ.

ಹೊಟ್ಟೆಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನ್ನ ಪ್ರಕಾರ ಅರ್ಧ ರೇಸ್ ಅಲ್ಲೇ ಇದೆ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಸೈಕಲ್ ಮೇಲೆ ಹೇಗೋ ತಿನ್ನಬಹುದು. ಓಡುವಾಗ ಎನರ್ಜಿ ಜೆಲ್ (ಪುಟ್ಟ ಪೊಟ್ಟಣದ ಸಿಹಿ ಪಾಕ) ಕಂಡರೇ ವಾಕರಿಕೆ! ಸೆಕೆ ಎಂದು ಬರೀ ನೀರು ಕುಡಿಯುತ್ತಲೇ ಇದ್ದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಸುಮ್ನೆ ಸುಸ್ತಲ್ಲ, ಪ್ರಾಣಕ್ಕೇ ಅಪಾಯ.

1982ರಲ್ಲಿ ಹವಾಯಿಯ ಕೋನಾದಲ್ಲಿ ನಡೆದ ಐರನ್‌ಮ್ಯಾನ್‌ನ ಮಹಿಳೆಯರ ವಿಭಾಗದಲ್ಲಿ ಜೂಲಿ ಮಾಸ್ ಮುಂದಿದ್ದರು. ಗುರಿಯ ಹತ್ತಿರವೇ ಕುಸಿದುಬಿದ್ದರು. ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಗೆದ್ದರು, ಜೂಲಿ ತೆವಳಿಕೊಂಡು ಬಂದು ಎರಡನೆಯವರಾದರು. ಎಲ್ಲರೂ ಅವರ ಛಲವನ್ನು ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ಹೊಸಬರು ಆ ವಿಡಿಯೋ ನೋಡಿ ತೆವಳುವುದೇ ಸಾಹಸ ಎಂದುಕೊಳ್ಳಬಾರದು ಅಲ್ವಾ?

ಗೋವಾದ ಅರ್ಧ ಐರನ್‌ಮ್ಯಾನ್ ದೂರದ ರೇಸ್‌ಗೆ ಬೆಂಗಳೂರಿನಿಂದ ತಯಾರಾಗುವವರಿಗೆ ಒಂದು ಮಾತು: ಕರಾವಳಿಯ ಸೆಕೆ ಬೇರೆಯೇ. ಇಲ್ಲಿ ಒಗ್ಗಿದ ಊಟ, ವೇಗ ಅಲ್ಲಿ ಒಗ್ಗುವುದಿಲ್ಲ. ಸಾಧ್ಯವಾದರೆ ಮಂಗಳೂರು ಕಡೆ ಹೋಗಿ ಒಂದೆರಡು ಉದ್ದದ ರೈಡ್ ಮಾಡಿ. ಅಂದಹಾಗೆ, ನೀವು ಸೈಕಲ್ ಮೇಲೆ ಏನು ತಿಂದಿರಿ?