ಶಾಲು ಹೊದಿಸಿದ್ದು ಸಾಕು, ಅವರ ಶ್ರುತಿಯಲ್ಲಿ ಹಾಡಲು ಬಿಡಿ

ಭಾನುವಾರ ಸಂಜೆ ನಮ್ಮ ದಾವಣಗೆರೆಯಲ್ಲಿ ರಂಗಗೀತೆಗಳ ಕಾರ್ಯಕ್ರಮವೊಂದಕ್ಕೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ನುಂಗಿಕೊಂಡು ಸುಮ್ಮನಿರಲು ಆಗದೆ ಇದನ್ನು ಬರೆಯುತ್ತಿದ್ದೇನೆ.

ಒಂದು ಕಾಲಕ್ಕೆ ಕಂಪನಿ ನಾಟಕಗಳಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದ, ಈಗ ಎಪ್ಪತ್ತು ದಾಟಿರುವ ಕಲಾವಿದೆಯೊಬ್ಬರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು, ಒಂದು ಹಾಡು ಹೇಳಿರೆಂದು ಕೇಳಿಕೊಂಡರು. ಆರಿಸಿದ್ದು ಹರೆಯದ ಹುಡುಗಿ ಪ್ರಿಯಕರನ ದಾರಿ ಕಾಯುತ್ತಾ ಹಾಡುವ ಗೀತೆ. ಅದೂ ಮೊದಲೇ ಸಿದ್ಧಪಡಿಸಿದ ಟ್ರ್ಯಾಕಿನ ಮೇಲೆ, ಅವರು ಯೌವನದಲ್ಲಿ ಹಾಡುತ್ತಿದ್ದ ಎತ್ತರದ ಶ್ರುತಿಯಲ್ಲಿಯೇ. “ಒಂಚೂರು ಕೆಳಗಿಳಿಸಪ್ಪಾ” ಎಂದು ಅವರು ಕೇಳಿದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮಗೆಲ್ಲ ಕೇಳಿಸಿತು. “ಟ್ರ್ಯಾಕ್ ಇರೋದೇ ಹಂಗಮ್ಮ” ಎಂಬ ಉತ್ತರ ಬಂತು. ತಾರಸ್ಥಾಯಿಯಲ್ಲಿ ಅವರ ಕಂಠ ಒಡೆಯಿತು, ಜನ ಮರುಕದಿಂದ ಚಪ್ಪಾಳೆ ತಟ್ಟಿದರು, ಮೊದಲ ಚರಣ ಮುಗಿಯುವಷ್ಟರಲ್ಲಿ ಮೈಕು ಇನ್ನೊಬ್ಬರ ಕೈಗೆ ಹೋಗಿತ್ತು.

ಇದನ್ನು ಗೌರವವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಡುಗಾರ್ತಿಯ ಎದುರಿಗೆ ಅವರದೇ ಯೌವನವನ್ನು ತಂದು ನಿಲ್ಲಿಸಿ, ಅದರೊಡನೆ ಪಂದ್ಯಕ್ಕೆ ಬಿಟ್ಟು, ಸೋತ ಮೇಲೆ ಸಮಾಧಾನ ಹೇಳಿದಂತಾಯಿತು.

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣವೂ ಇದೆ. ಕೆಲವು ದಿನಗಳಿಂದ ನಾನು ಅಮೆರಿಕದ ಕ್ಯಾಬರೆ ಹಾಗೂ ಬ್ಲೂಸ್ ಗಾಯಕಿ ಆಲ್ಬರ್ಟಾ ಹಂಟರ್ ಅವರ ‘ಆಮ್‌ಟ್ರ್ಯಾಕ್ ಬ್ಲೂಸ್’ ಎಂಬ ಹಾಡುಗಳ ಸಂಪುಟವನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. 1895ರಲ್ಲಿ ಮೆಂಫಿಸ್ ನಗರದಲ್ಲಿ ಹುಟ್ಟಿದ ಈ ಕಪ್ಪು ಹೆಣ್ಣುಮಗಳು ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಷಿಕಾಗೋ ಸೇರಿ, ಅಲ್ಲಿಯ ಕ್ಲಬ್ಬುಗಳಲ್ಲಿ ಹಾಡಿ ಹೆಸರು ಮಾಡಿದವರು. 1928ರಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಹೆಸರಾಂತ ಗಾಯಕ, ನಟ ಪಾಲ್ ರೋಬ್ಸನ್ ಅವರೊಂದಿಗೆ ಕಾಣಿಸಿಕೊಂಡವರು. ತಾಯಿ ತೀರಿಕೊಂಡ ಮೇಲೆ ಹಾಡನ್ನೇ ಬಿಟ್ಟು, ವಯಸ್ಸನ್ನು ಹನ್ನೆರಡು ವರ್ಷ ಕಡಿಮೆ ಹೇಳಿ, ನರ್ಸ್ ತರಬೇತಿ ಪಡೆದು, ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ರೋಗಿಗಳ ಸೇವೆ ಮಾಡಿದರು. 1977ರಲ್ಲಿ ಆಸ್ಪತ್ರೆಯವರು ಎಪ್ಪತ್ತಾಯಿತೆಂದು ನಿವೃತ್ತಿ ಕೊಟ್ಟಾಗ ಅವರಿಗೆ ನಿಜವಾಗಿ ಎಂಬತ್ತೆರಡು. ಅದೇ ವರ್ಷ ನ್ಯೂಯಾರ್ಕಿನದೇ ಗ್ರೀನಿಚ್ ವಿಲೇಜ್ ಬಡಾವಣೆಯ ‘ಕುಕರಿ’ ಎಂಬ ರೆಸ್ಟೋರೆಂಟಿನಲ್ಲಿ ಕೆಲವೇ ವಾರಗಳಿಗೆಂದು ಹಾಡಲು ಒಪ್ಪಿಕೊಂಡರು. ಜನ ಬಿಡಲಿಲ್ಲ, 1984ರಲ್ಲಿ ಸಾಯುವ ಕಾಲದವರೆಗೂ ಅಲ್ಲಿ ಹಾಡುತ್ತಲೇ ಇದ್ದರು.

ಆ ಸಂಪುಟದಲ್ಲಿ ಅವರ ಧ್ವನಿ ಒರಟಾಗಿದೆ, ಕೆಲವೆಡೆ ಮಾತಿಗೂ ಹಾಡಿಗೂ ನಡುವೆ ನಿಲ್ಲುತ್ತದೆ. ಆದರೆ ಅವರು ಯಾರ ಯೌವನವನ್ನೂ ನಟಿಸುವುದಿಲ್ಲ. ಊರೂರು ಅಲೆಯುವ ಹಂಬಲದ ಬಗ್ಗೆ ಹಾಡುತ್ತಾರೆ. ಒಂದು ಹಾಡಿನಲ್ಲಂತೂ ವಯಸ್ಸಾದ ಗೆಣೆಕಾರನ ಮೈ ಸೋತದ್ದನ್ನು ಎಂಬತ್ತರ ಹೆಂಗಸೊಬ್ಬರು ಯಾವ ಸಂಕೋಚವೂ ಇಲ್ಲದೆ, ಕಣ್ಣು ಮಿಟುಕಿಸುವ ಧಾಟಿಯಲ್ಲಿ ಹೇಳುತ್ತಾರೆ. ಇಪ್ಪತ್ತರ ಗಾಯಕಿ ಅದನ್ನು ಹಾಡಿದರೆ ನಾವು ನಂಬುವುದಿಲ್ಲ.

ಕ್ಯಾಬರೆ ಎಂದೊಡನೆ ಹಳೆಯ ಸಿನಿಮಾಗಳ ಮಿಂಚುಡುಗೆಯ ಕುಣಿತವನ್ನು ನೆನೆಯುವವರಿಗೆ ಒಂದು ಮಾತು. ನಾನು ಹೇಳುತ್ತಿರುವುದು ಚಿಕ್ಕ ಕೋಣೆಯ ಗಾಯನದ ಬಗ್ಗೆ. ಊಟದ ಮೇಜುಗಳ ನಡುವೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಒಂದು ಪಿಯಾನೋ ಜೊತೆಗೆ ಹಾಡುವ ಕಲೆ ಅದು. ಅಲ್ಲಿ ಗಂಟಲಿನ ಬಲಕ್ಕಿಂತ ಸಾಹಿತ್ಯದ ಉಚ್ಚಾರ ಮುಖ್ಯ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಮತ್ತು ಎಲ್ಲಿ ಸುಮ್ಮನಾಗಬೇಕು ಎಂಬ ತಿಳಿವು ಮುಖ್ಯ. 1900ರಲ್ಲಿ ಹುಟ್ಟಿದ ಕ್ಯಾಬರೆ ಗಾಯಕಿ ಮೇಬಲ್ ಮರ್ಸರ್ ತಮ್ಮ ಮುಪ್ಪಿನಲ್ಲಿ ಕುರ್ಚಿಯಲ್ಲಿ ಕುಳಿತೇ ಹಾಡುತ್ತಿದ್ದರು. ದೊಡ್ಡ ದೊಡ್ಡ ಗಾಯಕರು ಅವರಿಂದ ಕಲಿಯಲು ಬಂದು ಕೂರುತ್ತಿದ್ದರು.

ನಮ್ಮ ಕಂಪನಿ ನಾಟಕದ ಗಾಯನ ಬೆಳೆದದ್ದು ಇದಕ್ಕೆ ತದ್ವಿರುದ್ಧವಾದ ಪರಿಸ್ಥಿತಿಯಲ್ಲಿ. ದುಗ್ಗಮ್ಮನ ಜಾತ್ರೆಯ ಗದ್ದಲದ ನಡುವೆ, ತಗಡಿನ ಥಿಯೇಟರಿನ ಕಟ್ಟಕಡೆಯ ಸಾಲಿಗೂ ಮುಟ್ಟುವಂತೆ ಕಾಲು ಹಾರ್ಮೋನಿಯಂ ಜೊತೆಗೆ ಎತ್ತರದ ಶ್ರುತಿ ಹಿಡಿಯಬೇಕಾಗಿತ್ತು. ನನ್ನ ಸೋದರಮಾವ ಜೀವಮಾನವಿಡೀ ಆ ಪೆಟ್ಟಿಗೆಯನ್ನು ತುಳಿದವರೆಂಬುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹೆಂಗಸರು ಒಂದೇ ರಾತ್ರಿಯಲ್ಲಿ ಎಷ್ಟು ಸಲ ‘ವನ್ಸ್ ಮೋರ್’ಗೆ ಗಂಟಲು ಹರಿದುಕೊಂಡಿದ್ದಾರೆಂಬುದನ್ನು ಅವರ ಬಾಯಿಂದ ಕೇಳಿ ಬೆಳೆದವಳು ನಾನು. ಅಂದಿನ ಅಗತ್ಯಕ್ಕೆ ಹುಟ್ಟಿದ ಆ ಅಳತೆಗೋಲನ್ನು ಇಂದು ಮೈಕು ಇರುವ, ಇನ್ನೂರು ಜನ ಕೂರುವ ಸಭಾಂಗಣದಲ್ಲಿ ಅದೇ ಹೆಂಗಸರ ಮುಪ್ಪಿನ ಕಂಠಕ್ಕೆ ಹಿಡಿಯುವುದು ಅನ್ಯಾಯ.

ನಾನೂ ಐವತ್ತು ದಾಟಿದವಳು. ಮುಟ್ಟು ನಿಂತ ಮೇಲೆ ಹೆಣ್ಣಿನ ಧ್ವನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ನನ್ನದೂ ಇಳಿದಿದೆ. ಭಜನಾ ಮಂಡಳಿಯಲ್ಲಿ “ನಿಮಗೆ ಮೊದಲಿನ ಕಂಠ ಇಲ್ಲ ಬಿಡಿ ಅಕ್ಕಾ” ಎಂದು ಅಕ್ಕರೆಯಿಂದಲೇ ಹೇಳಿದಾಗ ಆದ ನೋವನ್ನು ನಾನು ಇದುವರೆಗೆ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಮೊದಲಿನ ಕಂಠ ಇಲ್ಲ, ಸರಿ. ಈಗಿನ ಕಂಠವೊಂದು ಇದೆಯಲ್ಲ! ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಬಳಿಕ ಗಡಸಾದ ಧ್ವನಿಯಲ್ಲಿಯೇ ಹಾಡಿ, 2006ರಲ್ಲಿ ತೊಂಬತ್ಮೂರನೆಯ ವಯಸ್ಸಿನಲ್ಲಿ ಕೊನೆಯ ಕಛೇರಿ ಕೊಟ್ಟ ಗಂಗೂಬಾಯಿ ಹಾನಗಲ್ ನಮ್ಮ ನಾಡಿನವರೇ ಅಲ್ಲವೇ?

ಜನರಿಗೆ ಹಳೆಯ ಹಾಡುಗಳೇ ಬೇಕು, ಮುದುಕಿಯ ಕಷ್ಟಸುಖ ಯಾರು ಕೇಳುತ್ತಾರೆ ಎಂದು ಸಂಘಟಕ ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ಹಳೆಯ ಹಾಡು ಬೇಡವೆಂದು ನಾನು ಹೇಳಿಯೇ ಇಲ್ಲ. ಶ್ರುತಿ ಇಳಿಸಿ, ಲಯ ನಿಧಾನ ಮಾಡಿ ಹಾಡಿಸಿದರೆ ಅದೇ ಹಾಡಿಗೆ ಬೇರೊಂದು ಅರ್ಥ ಬರುತ್ತದೆ. ಇನ್ನು ಯಾರು ಕೇಳುತ್ತಾರೆ ಎಂಬುದು ಕೇಳಿಸಿ ನೋಡದವರ ಮಾತು.

ಹಾಡಾಗಬೇಕಾದ ಬದುಕು ಇವರಲ್ಲಿ ಎಷ್ಟಿದೆ! ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿಯಲ್ಲಿ ಮಾಡಿದ ಪ್ರಯಾಣ, ಅಜ್ಜಿಯ ಮನೆಯಲ್ಲಿ ಬಿಟ್ಟುಬಂದ ಮಕ್ಕಳು, ಮಳೆ ಹಿಡಿದು ಕಲೆಕ್ಷನ್ ಇಲ್ಲದ ವಾರಗಳು, ರಾತ್ರಿ ರಾಣಿಯಾಗಿ ಮೆರೆದು ಬೆಳಿಗ್ಗೆ ಬಾಡಿಗೆ ಮನೆ ಹುಡುಕಿದಾಗ ‘ನಾಟಕದವರಿಗೆ ಕೊಡುವುದಿಲ್ಲ’ ಎಂದು ಮುಚ್ಚಿದ ಬಾಗಿಲುಗಳು. ನಮ್ಮೂರಿನ ಚಿಂದೋಡಿ ಲೀಲಾ 2010ರಲ್ಲಿ, ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೊರಟುಹೋದರು. ವೃತ್ತಿ ರಂಗಭೂಮಿಗಾಗಿಯೇ ರಂಗಾಯಣವೊಂದನ್ನು ಪಡೆದಿರುವ ಈ ಊರಿನಲ್ಲಿ ಉಳಿದಿರುವ ಹಿರಿಯ ಕಲಾವಿದೆಯರಿಂದ, ಅವರದೇ ಮಾತುಗಳಲ್ಲಿ, ಹೊಸ ಹಾಡುಗಳನ್ನು ಕಟ್ಟಿಸಿ ಧ್ವನಿಮುದ್ರಿಸಬಾರದೇ?

ಸರ್ಕಾರದ ಅನುದಾನಕ್ಕೆ ಕಾಯುವ ತಾಳ್ಮೆ ನನಗಿಲ್ಲ. ನಮ್ಮ ಮನೆಯ ಹಜಾರದಲ್ಲಿ ಮೂವತ್ತು ಜನ ಕೂರಬಹುದು. ಮಾವನ ಹಾರ್ಮೋನಿಯಂ ರಿಪೇರಿಗೆ ಕೊಟ್ಟಿದ್ದೇನೆ. ಕಲಾವಿದೆಯರ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಹಾಡಾಗಿ ಕಟ್ಟಬಲ್ಲವರು, ತಬಲಾ ನುಡಿಸಬಲ್ಲವರು ದಯವಿಟ್ಟು ನನಗೆ ತಿಳಿಸಿ. ಹಾಡುವವರಿಗೆ ಸಂಭಾವನೆ ಕೊಟ್ಟೇ ಹಾಡಿಸಬೇಕೆಂಬುದು ನನ್ನ ಹಟ, ಅದಕ್ಕೆ ಕೈಜೋಡಿಸುವವರೂ ಬೇಕು.